ಬೈಕ್‌ಗೆ ‘ಫ್ಯೂಲ್ ಬಾಕ್ಸ್’ ಹಾಕಿಸ್ತೀರಾ? ವೈರ್ ಮುಟ್ಟೋ ಮುಂಚೆ ಇಷ್ಟು ತಿಳಿದಿರಲಿ

ಚಿಕ್ಕಮಗಳೂರು: ಕೆಟಿಎಂ ಡ್ಯೂಕ್, ಆರ್‌ಸಿ, ಯಮಹಾ ಆರ್15 ಥರದ ಬೈಕ್ ಇಟ್ಟುಕೊಂಡ ಹುಡುಗರಿಗೆ ಸೈಲೆನ್ಸರ್ ಬದಲಾಯಿಸಿದ ಮೇಲೆ ಬರುವ ಮುಂದಿನ ಆಸೆ ‘ಬಾಕ್ಸ್’. ಸೀಟಿನ ಕೆಳಗೆ ಅಂಗೈಯಗಲ ಕೂರುವ ಒಂದು ಕಪ್ಪು ಪೆಟ್ಟಿಗೆ, ಅದರಿಂದ ಹೊರಟ ನಾಲ್ಕಾರು ವೈರ್. ಹೆಸರು ಫ್ಯೂಲ್ ಕಂಟ್ರೋಲರ್. ಹೆಸರಿರುವ ಕಂಪನಿಯದ್ದಾದರೆ ಸುಮಾರು ಹತ್ತು ಸಾವಿರ ರೂಪಾಯಿಂದ ಶುರುವಾಗಿ ಇಪ್ಪತ್ತು ಸಾವಿರ ದಾಟುವುದೂ ಉಂಟು. ಆನ್‌ಲೈನ್‌ನಲ್ಲಿ ಬುಕ್ ಮಾಡಿದರೆ ಮೂಡಿಗೆರೆ, ಕೊಪ್ಪ, ಕಡೂರು ಎಲ್ಲಿಗೆ ಬೇಕಾದರೂ ಕೊರಿಯರ್‌ನಲ್ಲಿ ಬರುತ್ತೆ. ಪೆಟ್ಟಿಗೆ ಬಂದ ಮೇಲೆ ಅದನ್ನು ಕೂರಿಸುವ ಕೆಲಸ ಮಾತ್ರ ಊರಿನ ಗ್ಯಾರೇಜ್‌ನವರ ತಲೆಗೆ ಬೀಳುತ್ತೆ. ತಾಪತ್ರಯ ಶುರುವಾಗೋದು ಹೆಚ್ಚಾಗಿ ಅಲ್ಲಿಂದಲೇ.

‘ಹಾಕಿಸಿದ್ರೆ ಎಷ್ಟು ಪಿಕಪ್ ಹೆಚ್ಚುತ್ತೆ?’ ಎಂಬುದು ಎಲ್ಲರೂ ಕೇಳುವ ಮೊದಲ ಪ್ರಶ್ನೆ. ಆದರೆ ಪೆಟ್ಟಿಗೆ ಪಿಕಪ್ ಉತ್ಪಾದಿಸುವ ಯಂತ್ರವಲ್ಲ. ಅದು ಪೆಟ್ರೋಲ್‌ನ ಅಳತೆ ತಿದ್ದುವ ಸಾಧನ, ಅಷ್ಟೇ. ಅಳತೆ ಎಲ್ಲಿ ತಪ್ಪಿದೆಯೋ ಅಲ್ಲಿ ಅದು ಉಪಯೋಗಕ್ಕೆ ಬರುತ್ತೆ. ತಪ್ಪಿಲ್ಲದ ಕಡೆ ಹಾಕಿದರೆ ದುಡ್ಡು ಹೋಗುತ್ತೆ, ಕೆಲವೊಮ್ಮೆ ಇಂಜಿನ್ನೂ ಹೋಗುತ್ತೆ.

ಕಂಪನಿಯ ಲೆಕ್ಕ ಹೇಗಿರುತ್ತೆ?

ಆರ್‌ಎಕ್ಸ್ 100 ಕಾಲದಲ್ಲಿ ಕಾರ್ಬುರೇಟರ್ ಇತ್ತು. ಸ್ಕ್ರೂಡ್ರೈವರ್ ಹಿಡಿದು ಒಂದು ಸುತ್ತು ತಿರುಗಿಸಿ, ಜೆಟ್ ಬದಲಾಯಿಸಿ, ಪ್ಲಗ್ ಬಿಚ್ಚಿ ಅದರ ಬಣ್ಣ ನೋಡಿದರೆ ಮೆಕ್ಯಾನಿಕ್‌ಗೆ ಎಲ್ಲ ಅಂದಾಜು ಸಿಗುತ್ತಿತ್ತು. 2008ರಲ್ಲಿ ಆರ್15 ಬಂದ ಮೇಲೆ, ಆಮೇಲೆ 2013ರಲ್ಲಿ ಡ್ಯೂಕ್ 390 ಬಂದ ಮೇಲೆ ಫ್ಯೂಲ್ ಇಂಜೆಕ್ಷನ್ ಎಂಬುದು ನಮ್ಮ ಊರಿನ ಗ್ಯಾರೇಜ್‌ಗಳಿಗೂ ಪರಿಚಯವಾಯಿತು. 2020ರ ಏಪ್ರಿಲ್ 1ರಿಂದ ಬಿಎಸ್6 ಕಡ್ಡಾಯವಾದ ಮೇಲಂತೂ ಕಮ್ಯೂಟರ್ ಬೈಕ್‌ಗಳಿಗೂ ಇಂಜೆಕ್ಷನ್ ಬಂತು.

ಇಂಜೆಕ್ಷನ್ ಬೈಕ್‌ನಲ್ಲಿ ಪೆಟ್ರೋಲ್ ಅಳೆಯೋದು ಇಸಿಯು ಅನ್ನುವ ಪುಟ್ಟ ಕಂಪ್ಯೂಟರ್. ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು 1 ಗ್ರಾಂ ಪೆಟ್ರೋಲ್‌ಗೆ 14.7 ಗ್ರಾಂ ಗಾಳಿ ಬೇಕು. ಗಾಳಿ ಇದಕ್ಕಿಂತ ಹೆಚ್ಚಾದರೆ ‘ಲೀನ್’, ಪೆಟ್ರೋಲ್ ಹೆಚ್ಚಾದರೆ ‘ರಿಚ್’. ಇಂಜಿನ್ ಪೂರ್ತಿ ಶಕ್ತಿ ಕೊಡೋದು ಸ್ವಲ್ಪ ರಿಚ್ ಇದ್ದಾಗ, ಅಂದರೆ ಗಾಳಿ ಸುಮಾರು 13 ಗ್ರಾಂ ಇದ್ದಾಗ. ಹೊಗೆ ಕಡಿಮೆ ಆಗೋದು, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡೋದು 14.7ರ ಹತ್ತಿರ ಇದ್ದಾಗ. ಸರ್ಕಾರದ ನಿಯಮ ಪಾಲಿಸಬೇಕಾದ ಕಂಪನಿ ಮಾಮೂಲಿ ಓಡಾಟಕ್ಕೆ ಎರಡನೆಯದನ್ನೇ ಹಿಡಿಯುತ್ತೆ. ಹಾಗಾಗಿಯೇ ಕೆಲವು ಬೈಕ್ ಕಡಿಮೆ ಆರ್‌ಪಿಎಂನಲ್ಲಿ ಪೇಟೆ ಟ್ರಾಫಿಕ್‌ನಲ್ಲಿ ಹೋಗುವಾಗ ಎಳೆದಾಡುತ್ತವೆ, ಜಗ್ಗುತ್ತವೆ.

ಅಳತೆಯ ವೇಗ ಎಷ್ಟು ಅಂತ ಒಂದು ಲೆಕ್ಕ ಹಾಕಿ ನೋಡಬಹುದು. ಹಳೆಯ 373 ಸಿಸಿ ಡ್ಯೂಕ್ 390 ಒಂದೇ ಸಿಲಿಂಡರ್‌ನ ನಾಲ್ಕು ಸ್ಟ್ರೋಕ್ ಇಂಜಿನ್. 9000 ಆರ್‌ಪಿಎಂ ಅಂದರೆ ಸೆಕೆಂಡಿಗೆ 150 ಸುತ್ತು. ಎರಡು ಸುತ್ತಿಗೊಮ್ಮೆ ಪೆಟ್ರೋಲ್ ಬೇಕು, ಅಂದರೆ ಸೆಕೆಂಡಿಗೆ 75 ಸಲ ಇಂಜೆಕ್ಟರ್ ತೆರೆದು ಮುಚ್ಚಬೇಕು. ಪ್ರತಿ ಸಲಕ್ಕೆ ಸಿಗೋದು ಒಟ್ಟು 13 ಮಿಲಿಸೆಕೆಂಡ್ ಚಿಲ್ಲರೆ, ಅದರೊಳಗೆ ಎಷ್ಟು ಹೊತ್ತು ತೆರೆದಿರಬೇಕು ಎಂಬುದನ್ನು ಇಸಿಯು ತೀರ್ಮಾನಿಸುತ್ತೆ. ಆಕ್ಸಿಲರೇಟರ್ ಎಷ್ಟು ತಿರುಗಿದೆ, ಆರ್‌ಪಿಎಂ ಎಷ್ಟು, ಗಾಳಿಯ ಒತ್ತಡ ಮತ್ತು ಬಿಸಿ ಎಷ್ಟು, ಇಂಜಿನ್ ಎಷ್ಟು ಕಾದಿದೆ ಎಂಬ ಮಾಹಿತಿಯನ್ನು ಸೆನ್ಸರ್‌ಗಳು ಕೊಡುತ್ತವೆ.

ಪೆಟ್ಟಿಗೆ ಎಲ್ಲಿ ಕೂರುತ್ತೆ?

ಇಸಿಯುಗೂ ಇಂಜೆಕ್ಟರ್‌ಗೂ ನಡುವೆ. ಇಸಿಯು ‘3 ಮಿಲಿಸೆಕೆಂಡ್ ತೆರೆ’ ಅಂದರೆ ಆ ಸಂದೇಶ ಮೊದಲು ಪೆಟ್ಟಿಗೆಗೆ ಹೋಗುತ್ತೆ. ಪೆಟ್ಟಿಗೆ ತನ್ನೊಳಗಿನ ಪಟ್ಟಿ ನೋಡಿ ‘ಇಷ್ಟು ಥ್ರಾಟಲ್, ಇಷ್ಟು ಆರ್‌ಪಿಎಂ, ಶೇ 5 ಸೇರಿಸು’ ಅಂತ ಲೆಕ್ಕ ಹಾಕಿ ಇಂಜೆಕ್ಟರ್‌ಗೆ 3.15 ಮಿಲಿಸೆಕೆಂಡ್ ಅಂತ ಹೇಳುತ್ತೆ. ಈ ಪಟ್ಟಿಗೇ ‘ಮ್ಯಾಪ್’ ಅನ್ನೋದು. ಕಂಪನಿಯ ಇಸಿಯು ಹಾಗೇ ಇರುತ್ತೆ, ಅದರ ಒಳಗಿನ ಸಾಫ್ಟ್‌ವೇರ್ ಯಾರೂ ಮುಟ್ಟಲ್ಲ. ಪೆಟ್ಟಿಗೆ ಬಿಚ್ಚಿ ಕಪ್ಲರ್ ಮೊದಲಿನಂತೆ ಸಿಕ್ಕಿಸಿದರೆ ಬೈಕ್ ಹಳೇ ಸ್ಥಿತಿಗೆ ಬರುತ್ತೆ. ಇಂಥದ್ದಕ್ಕೆ ‘ಪಿಗ್ಗಿಬ್ಯಾಕ್’ ಎಂಬ ಹೆಸರಿದೆ. ಅಮೆರಿಕದ ಡೈನೋಜೆಟ್ ಕಂಪನಿಯ ಪವರ್ ಕಮಾಂಡರ್ ಈ ಜಾತಿಯಲ್ಲಿ ಹಳೇ ಹೆಸರು. ನಮ್ಮ ದೇಶದಲ್ಲಿ ಹೆಚ್ಚು ಕೇಳಿಬರುವ ಪವರ್‌ಟ್ರಾನಿಕ್ ಮತ್ತು ಫ್ಯೂಲ್‌ಎಕ್ಸ್ ಎರಡೂ ಬೆಂಗಳೂರಿನ ರೇಸ್ ಡೈನಾಮಿಕ್ಸ್ ಕಂಪನಿಯವು. ಇವುಗಳಲ್ಲಿ ಕೆಲವು ಪೆಟ್ರೋಲ್ ಮಾತ್ರ ತಿದ್ದುತ್ತವೆ, ಕೆಲವು ಸ್ಪಾರ್ಕ್‌ನ ಸಮಯವನ್ನೂ ತಿದ್ದುತ್ತವೆ. ಸ್ಪಾರ್ಕ್ ಮುಟ್ಟುವ ಪೆಟ್ಟಿಗೆಯಲ್ಲಿ ಲಾಭ ಹೆಚ್ಚು, ಕೈ ತಪ್ಪಿದರೆ ಪಿಸ್ಟನ್‌ಗೆ ಬೀಳುವ ಏಟೂ ಹೆಚ್ಚು.

ಇಂಜೆಕ್ಟರ್‌ನ ಹೊತ್ತಿಗೆ ಪೆಟ್ಟಿಗೆ ಸೇರಿಸೋದು ಶೇಕಡಾ ಲೆಕ್ಕದಲ್ಲಿ. ನಮ್ಮ ಜಿಲ್ಲೆಗೆ ಇದು ಒಳ್ಳೆಯದೇ. ಮುಳ್ಳಯ್ಯನಗಿರಿಯ 1930 ಮೀಟರ್ ಎತ್ತರದಲ್ಲಿ ಗಾಳಿ ತೆಳು, ಸಮುದ್ರಮಟ್ಟಕ್ಕೆ ಹೋಲಿಸಿದರೆ ಸಾಂದ್ರತೆ ಹೆಚ್ಚುಕಡಿಮೆ ಆರನೇ ಒಂದು ಭಾಗ ಕಡಿಮೆ. ಅಲ್ಲಿಂದ ಚಾರ್ಮಾಡಿ ಘಾಟಿ ಇಳಿದು ಉಜಿರೆ ಕಡೆ ಹೋದರೆ ಗಾಳಿ ಮತ್ತೆ ದಟ್ಟ. ಈ ವ್ಯತ್ಯಾಸವನ್ನು ಕಂಪನಿಯ ಇಸಿಯು ತನ್ನ ಒತ್ತಡದ ಸೆನ್ಸರ್ ನೋಡಿ ಮೊದಲೇ ಸರಿಮಾಡಿರುತ್ತೆ, ಪೆಟ್ಟಿಗೆ ಅದರ ಮೇಲೆ ತನ್ನ ಪಾಲು ಹಾಕುತ್ತೆ. ‘ಘಾಟಿಗೊಂದು ಮ್ಯಾಪ್, ಬಯಲಿಗೊಂದು ಮ್ಯಾಪ್ ಬೇಕು’ ಅಂತ ಯಾರಾದರೂ ಹೇಳಿ ದುಡ್ಡು ಕೇಳಿದರೆ ಕೊಡಬೇಕಾಗಿಲ್ಲ.

ಒಬ್ಬ ಸುರೀತಾನೆ, ಇನ್ನೊಬ್ಬ ಮೊಗೀತಾನೆ

ಹೆಚ್ಚಿನವರು ಗಮನಿಸದ ವಿಷಯ ಆಕ್ಸಿಜನ್ ಸೆನ್ಸರ್‌ದು. ಸೈಲೆನ್ಸರ್ ಪೈಪಿನಲ್ಲಿ ಕೂತ ಈ ಸೆನ್ಸರ್ ಹೊಗೆಯಲ್ಲಿ ಆಮ್ಲಜನಕ ಉಳಿದಿದೆಯಾ ಅಂತ ನೋಡಿ ಇಸಿಯುಗೆ ವರದಿ ಕೊಡುತ್ತಲೇ ಇರುತ್ತೆ. ಸಮ ವೇಗದಲ್ಲಿ, ಮಧ್ಯಮ ಥ್ರಾಟಲ್‌ನಲ್ಲಿ ಹೋಗುವಾಗ ಇಸಿಯು ಈ ವರದಿ ನಂಬಿ ಪೆಟ್ರೋಲ್ ಸರಿಮಾಡುತ್ತೆ. ಪೆಟ್ಟಿಗೆ ಶೇ 5 ಸೇರಿಸಿತು ಅಂದುಕೊಳ್ಳಿ. ಸೆನ್ಸರ್ ‘ರಿಚ್ ಆಯ್ತು’ ಅನ್ನುತ್ತೆ. ಇಸಿಯು ಶೇ 5 ಕಡಿಮೆ ಮಾಡುತ್ತೆ. ಪೆಟ್ಟಿಗೆ ಮತ್ತೆ ಸೇರಿಸುತ್ತೆ. ಕೊನೆಗೆ ಸವಾರನಿಗೆ ಸಿಗೋದು ಮೊದಲಿದ್ದಷ್ಟೇ ಪೆಟ್ರೋಲ್. ದುಡ್ಡು ಕೊಟ್ಟು ಹಾಕಿಸಿದ ಪೆಟ್ಟಿಗೆ ಆ ಹೊತ್ತಿನಲ್ಲಿ ಇದ್ದೂ ಇಲ್ಲದಂತೆ.

ಥ್ರಾಟಲ್ ಪೂರ್ತಿ ತಿರುಗಿಸಿದಾಗ ಇಸಿಯು ಸೆನ್ಸರ್ ಮಾತು ಕೇಳೋದು ಬಿಟ್ಟು ತನ್ನ ಪಟ್ಟಿಯ ಪ್ರಕಾರ ಹೋಗುತ್ತೆ. ಪೆಟ್ಟಿಗೆಯ ಕೆಲಸ ಪೂರ್ತಿ ಕಾಣೋದು ಅಲ್ಲಿ. ಅದಕ್ಕೇ ಒಳ್ಳೆ ಕಂಪನಿಗಳು ಆಕ್ಸಿಜನ್ ಸೆನ್ಸರ್ ವೈರಿಗೂ ಒಂದು ಕಪ್ಲರ್ ಕೊಟ್ಟು ಆ ಸಂದೇಶವನ್ನೂ ತಿದ್ದುತ್ತವೆ. ಕೆಲವರು ಸೆನ್ಸರ್ ಕಿತ್ತು ಅದರ ಜಾಗದಲ್ಲಿ ಡಮ್ಮಿ ಪ್ಲಗ್ ಹಾಕುತ್ತಾರೆ. ಹಳೇ ಬಿಎಸ್4 ಬೈಕ್‌ಗಳಲ್ಲಿ ಇದು ನಡೆಯುತ್ತಿತ್ತು. 2023ರ ಏಪ್ರಿಲ್‌ನಿಂದ ಬಂದ ಬೈಕ್‌ಗಳಲ್ಲಿ ಬಿಎಸ್6 ಎರಡನೇ ಹಂತದ ಒಬಿಡಿ ವ್ಯವಸ್ಥೆ ಇದೆ, 2025ರ ಏಪ್ರಿಲ್‌ನಿಂದ ಅದು ಇನ್ನೂ ಬಿಗಿಯಾಗಿದೆ. ಇವು ತಮ್ಮ ಸೆನ್ಸರ್‌ಗಳ ಮೇಲೆ ತಾವೇ ಕಣ್ಣಿಡುತ್ತವೆ. ಲೆಕ್ಕ ತಾಳೆಯಾಗದಿದ್ದರೆ ಮೀಟರ್‌ನಲ್ಲಿ ಹಳದಿ ಇಂಜಿನ್ ಲೈಟ್ ಹತ್ತಿ ಕೂರುತ್ತೆ. ಬೈಕ್ ಯಾವ ವರ್ಷದ್ದು ಅಂತ ನೋಡದೆ ಪೆಟ್ಟಿಗೆ ತರಿಸಬಾರದು ಅನ್ನೋದು ಇದಕ್ಕೇ.

ಯಾರಿಗೆ ಬೇಕು, ಯಾರಿಗೆ ಬೇಡ

ಎಲ್ಲವೂ ಕಂಪನಿಯದ್ದೇ ಇರುವ ಬೈಕ್‌ಗೆ ಪೆಟ್ಟಿಗೆ ಹಾಕಿದರೆ ಸಿಗುವ ದೊಡ್ಡ ಬದಲಾವಣೆ ಅಂದರೆ ಕಡಿಮೆ ವೇಗದಲ್ಲಿ ಜಗ್ಗಾಟ ತಗ್ಗೋದು, ಥ್ರಾಟಲ್ ನಯವಾಗೋದು. ಪೇಟೆಯಲ್ಲಿ ದಿನಾ ಓಡಿಸುವವರಿಗೆ ಅದೂ ಕಮ್ಮಿಯಲ್ಲ. ಆದರೆ ಟಾಪ್ ಸ್ಪೀಡ್ ಹೆಚ್ಚುತ್ತೆ ಅಂತ ಕಾಯುತ್ತಾ ಕೂತರೆ ನಿರಾಸೆ. ಇನ್ನು ‘ಮೈಲೇಜೂ ಹೆಚ್ಚುತ್ತೆ, ಪವರೂ ಹೆಚ್ಚುತ್ತೆ’ ಅನ್ನುವ ಜಾಹೀರಾತು. ಹೆಚ್ಚು ಪೆಟ್ರೋಲ್ ಸುರಿದು ಮೈಲೇಜ್ ಹೆಚ್ಚಿಸುವ ಲೆಕ್ಕ ಯಾವ ಅಂಗಡಿಯ ಖಾತೆ ಪುಸ್ತಕದಲ್ಲೂ ಕೂಡಲ್ಲ.

ಪೆಟ್ಟಿಗೆ ನಿಜವಾಗಿ ಬೇಕಾಗೋದು ಸೈಲೆನ್ಸರ್ ಮತ್ತು ಏರ್ ಫಿಲ್ಟರ್ ಬದಲಾಯಿಸಿದ ಬೈಕ್‌ಗೆ. ಗಾಳಿ ಸರಾಗವಾಗಿ ಹೋಗಿ ಬರುತ್ತೆ, ಆದರೆ ಪೂರ್ತಿ ಥ್ರಾಟಲ್‌ನಲ್ಲಿ ಇಸಿಯು ಹಳೇ ಪಟ್ಟಿಯಂತೆಯೇ ಪೆಟ್ರೋಲ್ ಕೊಡುತ್ತೆ. ಇಂಜಿನ್ ಲೀನ್ ಆಗಿ ಬಿಸಿ ಏರುತ್ತೆ, ಫ್ಯಾನ್ ಬಿಡದೆ ತಿರುಗುತ್ತೆ, ಲೋಡ್ ಬಿದ್ದಾಗ ಒಳಗಿಂದ ಟಕಟಕ ಶಬ್ದ ಬರಬಹುದು. ಇಂಥ ಬೈಕ್ ದಿನಗಟ್ಟಲೆ ಹಾಗೇ ಓಡಿದರೆ ಪಿಸ್ಟನ್, ವಾಲ್ವ್ ಹಾಳಾಗುತ್ತವೆ. ಟ್ರ್ಯಾಕ್‌ನಲ್ಲಿ ಓಡಿಸುವವರು, ಉದಾಹರಣೆಗೆ ಚೆನ್ನೈ ಅಥವಾ ಕೊಯಮತ್ತೂರಿನ ರೇಸ್ ಟ್ರ್ಯಾಕ್‌ಗೆ ಬೈಕ್ ಒಯ್ಯುವವರು, ಪೆಟ್ಟಿಗೆ ಹಾಕಿಸೋದು ಈ ಕಾರಣಕ್ಕೆ.

ಥ್ರಾಟಲ್ ಬಿಟ್ಟಾಗ ಸೈಲೆನ್ಸರ್‌ನಿಂದ ಪಟಪಟ ಅನ್ನುತ್ತೆ, ಅದಕ್ಕೆ ಬಾಕ್ಸ್ ಬೇಕು ಅಂತ ಬರುವವರೂ ಇದ್ದಾರೆ. ಮೊದಲು ಸೈಲೆನ್ಸರ್ ಜಾಯಿಂಟ್‌ನ ಗ್ಯಾಸ್ಕೆಟ್ ನೋಡಬೇಕು. ಅಲ್ಲಿ ಗಾಳಿ ಒಳಗೆಳೆಯುತ್ತಿದ್ದರೆ ಪಟಾಕಿ ಹೊಡೆದೇ ಹೊಡೆಯುತ್ತೆ. ಕಡಿಮೆ ದುಡ್ಡಿನ ಗ್ಯಾಸ್ಕೆಟ್ ಬದಲಾಯಿಸಿದರೆ ಮುಗಿಯುವ ಕೆಲಸಕ್ಕೆ ಹತ್ತು ಸಾವಿರ ಸುರಿಯೋದು ಯಾಕೆ?

ಕೂರಿಸುವ ಕೆಲಸ

ಪೆಟ್ಟಿಗೆ ಹಾಕುವ ಮುಂಚೆ ಬೈಕ್ ಆರೋಗ್ಯವಾಗಿರಬೇಕು. ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಬ್ಯಾಟರಿ ವೋಲ್ಟೇಜ್, ವಾಲ್ವ್ ಕ್ಲಿಯರೆನ್ಸ್ ನೋಡಿ, ಸ್ಕ್ಯಾನರ್ ಇದ್ದರೆ ಹಳೇ ಎರರ್ ಕೋಡ್ ಏನಾದರೂ ಕೂತಿದೆಯಾ ಅಂತ ಬರೆದಿಟ್ಟುಕೊಳ್ಳಬೇಕು. ಇಲ್ಲದಿದ್ದರೆ ಮುಂಚೆಯೇ ಇದ್ದ ದೋಷವನ್ನು ನಾಳೆ ಪೆಟ್ಟಿಗೆ ತಲೆಗೆ, ಪೆಟ್ಟಿಗೆ ದೋಷವನ್ನು ಗ್ಯಾರೇಜ್‌ನವರ ತಲೆಗೆ ಕಟ್ಟುವ ಜಗಳ ಶುರುವಾಗುತ್ತೆ.

ಕೀ ತೆಗೆದು, ಸೀಟು ಬಿಚ್ಚಿ, ಬ್ಯಾಟರಿಯ ನೆಗೆಟಿವ್ ವೈರ್ ಮೊದಲು ತೆಗೆಯಬೇಕು. ಆಮೇಲೆ ಟ್ಯಾಂಕ್. ಆರ್‌ಸಿ, ಆರ್15 ಥರದ ಬೈಕ್‌ಗಳಲ್ಲಿ ಪಕ್ಕದ ಫೇರಿಂಗ್ ಕೂಡ ಬಿಚ್ಚಬೇಕಾಗುತ್ತೆ, ಪ್ಲಾಸ್ಟಿಕ್ ಲಾಕ್‌ಗಳು ಮುರಿಯುವುದು ಇಲ್ಲೇ. ಟ್ಯಾಂಕ್ ಎತ್ತುವಾಗ ಒಂದು ಎಚ್ಚರಿಕೆ: ಇಂಜೆಕ್ಷನ್ ಬೈಕ್‌ನ ಪೈಪ್‌ನಲ್ಲಿ ಪೆಟ್ರೋಲ್ ಒತ್ತಡದಲ್ಲಿ ನಿಂತಿರುತ್ತೆ, ಕಾರ್ಬುರೇಟರ್ ಬೈಕ್‌ನಂತೆ ಸುಮ್ಮನೆ ಪೈಪ್ ಕೀಳುವಂತಿಲ್ಲ. ಪೈಪ್ ತೆಗೆಯಲೇಬೇಕಾದರೆ ಬ್ಯಾಟರಿ ಬಿಚ್ಚುವ ಮುಂಚೆಯೇ ಪಂಪಿನ ಕಪ್ಲರ್ ತೆಗೆದು ಇಂಜಿನ್ ಸ್ಟಾರ್ಟ್ ಮಾಡಿ, ತಾನಾಗಿ ಆಫ್ ಆಗುವವರೆಗೂ ಬಿಡಬೇಕು. ಆಗಲೂ ಒಂದಿಷ್ಟು ಪೆಟ್ರೋಲ್ ಚೆಲ್ಲುತ್ತೆ. ಕೆಳಗೆ ಬಟ್ಟೆ ಇರಲಿ, ಇಂಜಿನ್ ತಣ್ಣಗಿರಲಿ, ಪಕ್ಕದಲ್ಲಿ ವೆಲ್ಡಿಂಗ್ ನಡೆಯುತ್ತಿದ್ದರೆ ಆ ದಿನ ಕೆಲಸ ಬೇಡ.

ಟ್ಯಾಂಕ್ ಕೆಳಗೆ, ಥ್ರಾಟಲ್ ಬಾಡಿಯ ಮೇಲೆ ಇಂಜೆಕ್ಟರ್ ಇರುತ್ತೆ. ಅದರ ಕಪ್ಲರ್ ಲಾಕ್ ಒತ್ತಿ ಬಿಚ್ಚಿ, ಪೆಟ್ಟಿಗೆಯ ಎರಡು ಕಪ್ಲರ್‌ಗಳನ್ನು ನಡುವೆ ಸಿಕ್ಕಿಸಬೇಕು. ವೈರ್ ಹಿಡಿದು ಎಳೆಯಬಾರದು. ನಿಮ್ಮ ಬೈಕ್‌ಗೇ ಮಾಡಿದ ಕಿಟ್ ಆದರೆ ಬಹುತೇಕ ಎಲ್ಲವೂ ಹೀಗೆ ಸಿಕ್ಕಿಸುವ ಕೆಲಸ. ‘ಯಾವ ಬೈಕ್‌ಗಾದರೂ ಆಗುತ್ತೆ’ ಅನ್ನುವ ಯೂನಿವರ್ಸಲ್ ಕಿಟ್‌ನಲ್ಲಿ ಕಂಪನಿ ವೈರ್ ಕತ್ತರಿಸಬೇಕಾಗುತ್ತೆ. ಇಂಥದ್ದನ್ನು ಒಪ್ಪಿಕೊಳ್ಳದಿರುವುದೇ ಗ್ಯಾರೇಜ್‌ನವರಿಗೂ ಗಿರಾಕಿಗೂ ಕ್ಷೇಮ.

ನಾಜೂಕಿನ ಕೆಲಸ ಥ್ರಾಟಲ್ ಸೆನ್ಸರ್ ವೈರ್‌ದು. ಆಕ್ಸಿಲರೇಟರ್ ಎಷ್ಟು ತಿರುಗಿದೆ ಅಂತ ಪೆಟ್ಟಿಗೆಗೆ ಗೊತ್ತಾಗಬೇಕಾದರೆ ಆ ಸಂದೇಶದ ವೈರ್‌ಗೆ ಒಂದು ಕವಲು ತೆಗೆಯಬೇಕು. ಮೂರು ವೈರ್ ಇರುತ್ತೆ: ಐದು ವೋಲ್ಟ್, ಅರ್ತ್, ಸಂದೇಶ. ಮಲ್ಟಿಮೀಟರ್ ಹಿಡಿದು, ಥ್ರಾಟಲ್ ತಿರುಗಿಸಿದಂತೆ ವೋಲ್ಟ್ ಏರುವ ವೈರ್ ಯಾವುದೋ ಅದನ್ನೇ ಹಿಡಿಯಬೇಕು. ಬಣ್ಣ ನೋಡಿ ಅಂದಾಜಿನಲ್ಲಿ ಹೋದರೆ ಕೆಡುತ್ತೆ. 2017ರಿಂದ ಡ್ಯೂಕ್ 390ರಲ್ಲಿ ಬಂದ ರೈಡ್ ಬೈ ವೈರ್ ವ್ಯವಸ್ಥೆಯಲ್ಲಂತೂ ಥ್ರಾಟಲ್‌ಗೆ ಕೇಬಲ್ಲೇ ಇಲ್ಲ, ಎಲ್ಲ ವೈರ್ ಮೇಲೆ ನಡೆಯೋದು. ಅಲ್ಲಿ ತಪ್ಪು ವೈರ್ ಹಿಡಿದರೆ ಬೈಕ್ ಹೆದ್ದಾರಿ ಮಧ್ಯೆ ಪವರ್ ಕಳೆದುಕೊಂಡು ತೆವಳಬಹುದು. ವೈರ್ ಸುಲಿದು ತಿರುಚಿ ಇನ್ಸುಲೇಷನ್ ಟೇಪ್ ಸುತ್ತುವ ಅಭ್ಯಾಸ ಮಲೆನಾಡಿಗೆ ಹೊಂದಲ್ಲ. ಆಷಾಢದ ಮಳೆಗೆ ಟೇಪ್ ಬಿಚ್ಚಿಕೊಂಡು ಒಳಗೆ ತಾಮ್ರ ಹಸಿರುಗಟ್ಟುತ್ತೆ. ಸೋಲ್ಡರ್ ಮಾಡಿ ಹೀಟ್ ಶ್ರಿಂಕ್ ಸ್ಲೀವ್ ಹಾಕಿದರೆ ವರ್ಷಗಟ್ಟಲೆ ನಿಲ್ಲುತ್ತೆ.

ಪೆಟ್ಟಿಗೆಯ ಅರ್ತ್ ವೈರ್ ನೇರ ಬ್ಯಾಟರಿ ನೆಗೆಟಿವ್‌ಗೆ ಹೋಗಬೇಕು. ಚಾಸಿಸ್‌ನಲ್ಲಿ ಸಿಕ್ಕ ಬೋಲ್ಟ್‌ಗೆ ಹಾಕಿದರೆ ಪೇಂಟ್, ತುಕ್ಕು ಅಡ್ಡ ಬರುತ್ತೆ. ಆಮೇಲೆ ಬೈಕ್ ಒಮ್ಮೆ ಚೆನ್ನಾಗಿ, ಒಮ್ಮೆ ಮಿಸ್ ಹೊಡೆಯುತ್ತಾ ಓಡುತ್ತೆ, ಕಾರಣ ಹುಡುಕೋಕೆ ಎರಡು ದಿನ ಹಿಡಿಯುತ್ತೆ. ವೈರ್ ಹಾಯಿಸುವಾಗ ಬಿಸಿ ಪೈಪ್‌ನಿಂದ ದೂರ ಇರಲಿ. ಟ್ಯಾಂಕ್ ಕೂರಿಸಿದಾಗ ಅಡಿಯಲ್ಲಿ ವೈರ್ ಸಿಕ್ಕಿ ನಜ್ಜಾಗಬಾರದು. ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ ಎಲ್ಲೂ ಎಳೆಯುತ್ತಿಲ್ಲ ಅಂತ ನೋಡಬೇಕು. ಪೆಟ್ಟಿಗೆಯನ್ನು ಕಪ್ಲರ್ ಬಾಯಿ ಕೆಳಮುಖವಾಗಿರುವಂತೆ ಕಟ್ಟಿದರೆ ನೀರು ಒಳಗೆ ಇಳಿಯಲ್ಲ. ವಾಟರ್ ಸರ್ವೀಸ್‌ಗೆ ಬಿಟ್ಟಾಗ ಸೀಟಿನ ಕೆಳಗೆ ಪ್ರೆಶರ್ ಹೊಡೆಯಬೇಡಿ ಅಂತ ಹೇಳಿಯೇ ಬಿಡಬೇಕು.

ಎಲ್ಲ ಜೋಡಿಸಿದ ಮೇಲೆ ಕೀ ಆನ್ ಮಾಡಿ ಪಂಪ್ ಶಬ್ದ ಕೇಳಿ, ಪೆಟ್ರೋಲ್ ಜಿನುಗುತ್ತಿದೆಯಾ ನೋಡಿ. ಲ್ಯಾಪ್‌ಟಾಪ್‌ಗೆ ಜೋಡಿಸುವ ಪೆಟ್ಟಿಗೆಯಾದರೆ ಥ್ರಾಟಲ್ ಪೂರ್ತಿ ಮುಚ್ಚಿದಾಗ ಎಷ್ಟು, ಪೂರ್ತಿ ತೆರೆದಾಗ ಎಷ್ಟು ಅಂತ ಅದಕ್ಕೆ ಕಲಿಸಬೇಕು. ಈ ಒಂದು ಹೆಜ್ಜೆ ಬಿಟ್ಟರೆ ಪೆಟ್ಟಿಗೆ ಪಟ್ಟಿಯ ಬೇರೆ ಸಾಲು ಓದುತ್ತಾ ಕೂರುತ್ತೆ. ಇಂಜಿನ್ ಫ್ಯಾನ್ ತಿರುಗುವಷ್ಟು ಬಿಸಿಯಾಗುವವರೆಗೂ ಐಡಲ್‌ನಲ್ಲಿ ಬಿಟ್ಟು, ಇಂಜಿನ್ ಲೈಟ್ ಹತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡೇ ರಸ್ತೆಗೆ ಇಳಿಸಬೇಕು.

ಮ್ಯಾಪ್ ಯಾರದ್ದು?

ಕೂರಿಸೋದು ಅರ್ಧ ಕೆಲಸ. ಸ್ನೇಹಿತನ ಬೈಕ್‌ನ ಮ್ಯಾಪ್ ವಾಟ್ಸಾಪ್‌ನಲ್ಲಿ ತರಿಸಿ ಹಾಕಿಕೊಳ್ಳೋದು ಸಾಮಾನ್ಯವಾಗಿಬಿಟ್ಟಿದೆ. ಅವನದ್ದು ಬೇರೆ ಸೈಲೆನ್ಸರ್, ನಿಮ್ಮದು ಬೇರೆ. ಒಬ್ಬರ ಕನ್ನಡಕ ಇನ್ನೊಬ್ಬರು ಹಾಕಿಕೊಂಡಂತೆ. ಕಂಪನಿಯೇ ನಿಮ್ಮ ಬೈಕ್ ಮಾಡೆಲ್, ಸೈಲೆನ್ಸರ್, ಫಿಲ್ಟರ್ ಹೊಂದಿಸಿ ಕೊಟ್ಟ ಮ್ಯಾಪ್ ಬಳಸೋದು ಸುರಕ್ಷಿತ. ಅದಕ್ಕಿಂತ ನಿಖರ ಬೇಕಾದರೆ ಬೆಂಗಳೂರಿನಂಥ ಕಡೆ ಡೈನೋ ಇರುವಲ್ಲಿಗೆ ಹೋಗಬೇಕು. ಅಲ್ಲಿ ಬೈಕನ್ನು ರೋಲರ್ ಮೇಲೆ ಓಡಿಸಿ, ಹೊಗೆಯಲ್ಲಿ ಗಾಳಿ-ಪೆಟ್ರೋಲ್ ಪ್ರಮಾಣ ಅಳೆದು ಸಾಲು ಸಾಲಾಗಿ ಮ್ಯಾಪ್ ತಿದ್ದುತ್ತಾರೆ.

ರಿಚ್ ಆದರೆ ಏನೂ ಆಗಲ್ಲ, ಇಂಜಿನ್ ತಣ್ಣಗಿರುತ್ತೆ ಅನ್ನುವ ನಂಬಿಕೆ ಗ್ಯಾರೇಜ್‌ಗಳಲ್ಲಿ ಗಟ್ಟಿಯಾಗಿದೆ. ಸ್ವಲ್ಪ ರಿಚ್ ಆದರೆ ನಿಜ. ಅತಿಯಾದರೆ ಉರಿಯದ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲ್ ತೊಳೆದು ಕೆಳಗಿಳಿದು ಇಂಜಿನ್ ಆಯಿಲ್‌ಗೆ ಸೇರುತ್ತೆ. ಆಯಿಲ್ ಕಡ್ಡಿ ತೆಗೆದು ಮೂಸಿದರೆ ಪೆಟ್ರೋಲ್ ವಾಸನೆ ಬರುತ್ತೆ, ಪ್ಲಗ್ ಮಸಿ ಹಿಡಿಯುತ್ತೆ. ಸೈಲೆನ್ಸರ್‌ನೊಳಗಿನ ಕ್ಯಾಟಲಿಟಿಕ್ ಕನ್ವರ್ಟರ್ ಆ ಪೆಟ್ರೋಲನ್ನು ಸುಡಲು ಹೋಗಿ ತಾನೇ ಕಾದು ಹಾಳಾಗುತ್ತೆ. ಅದರ ಬೆಲೆ ಪೆಟ್ಟಿಗೆಗಿಂತ ಕಡಿಮೆಯೇನಲ್ಲ.

ಮುನ್ನೂರು ರೂಪಾಯಿ ‘ಪವರ್ ಚಿಪ್’

ಆನ್‌ಲೈನ್‌ನಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ‘ಚಿಪ್’ಗಳ ಕಥೆ ಬೇರೆ. ಹೆಚ್ಚಿನವುಗಳ ಒಳಗಿರೋದು ಒಂದು ರೆಸಿಸ್ಟರ್, ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುವಂಥದ್ದು. ಗಾಳಿಯ ಬಿಸಿ ಅಳೆಯುವ ಸೆನ್ಸರ್ ವೈರ್‌ಗೆ ಅದನ್ನು ಸಿಕ್ಕಿಸಿ, ಹೊರಗೆ ಇರುವುದಕ್ಕಿಂತ ಹೆಚ್ಚು ಚಳಿ ಇದೆ ಅಂತ ಇಸಿಯುಗೆ ಸುಳ್ಳು ಹೇಳಿಸುತ್ತಾರೆ. ತಣ್ಣನೆ ಗಾಳಿ ದಟ್ಟವಾಗಿರುತ್ತೆ ಅಂತ ಇಸಿಯು ಹೆಚ್ಚು ಪೆಟ್ರೋಲ್ ಬಿಡುತ್ತೆ. ಯಾವ ಆರ್‌ಪಿಎಂಗೆ ಎಷ್ಟು ಅನ್ನುವ ಲೆಕ್ಕವೇ ಇದರಲ್ಲಿಲ್ಲ, ಬೇಕಾದ ಕಡೆಯೂ ಸುರಿಯುತ್ತೆ, ಬೇಡದ ಕಡೆಯೂ ಸುರಿಯುತ್ತೆ. ಡಯಾಗ್ನೋಸ್ಟಿಕ್ ಪೋರ್ಟ್‌ಗೆ ಸಿಕ್ಕಿಸುವ, ಮಿಣಮಿಣ ಲೈಟ್ ಬಿಟ್ಟರೆ ಬೇರೇನೂ ಮಾಡದ ‘ಫ್ಯೂಲ್ ಸೇವರ್’ಗಳೂ ಮಾರುಕಟ್ಟೆಯಲ್ಲಿವೆ. ಸ್ಪೇರ್ ಪಾರ್ಟ್ಸ್ ಅಂಗಡಿಯವರು ಇಂಥವನ್ನು ಇಟ್ಟರೆ ಒಂದು ಸಲ ಮಾರಾಟವಾಗುತ್ತೆ, ಗಿರಾಕಿ ಎರಡನೇ ಸಲ ಬರೋದು ಜಗಳಕ್ಕೆ.

ಇ20 ಪೆಟ್ರೋಲ್‌ಗೆ ಬಾಕ್ಸ್ ಮದ್ದಾ?

2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಪ್ರಧಾನಿ ಶೇ 20 ಎಥನಾಲ್ ಬೆರೆತ ಪೆಟ್ರೋಲ್‌ಗೆ ಚಾಲನೆ ಕೊಟ್ಟರು. ಈಗ ಬಂಕ್‌ಗಳಲ್ಲಿ ಸಿಗೋದು ಹೆಚ್ಚಾಗಿ ಅದೇ. ಎಥನಾಲ್ ಉರಿಯಲು ಗಾಳಿ ಕಡಿಮೆ ಸಾಕು, 1 ಗ್ರಾಂಗೆ 9 ಗ್ರಾಂ. ಹಾಗಾಗಿ ಇ20ಗೆ ಸರಿಯಾದ ಪ್ರಮಾಣ 14.7 ಅಲ್ಲ, ಸುಮಾರು 13.5. ಹಳೇ ಬೈಕ್ ತನ್ನ ಹಳೇ ಪಟ್ಟಿಯಂತೆ ಪೆಟ್ರೋಲ್ ಬಿಟ್ಟರೆ ಅದು ಸ್ವಲ್ಪ ಲೀನ್. ಇದನ್ನೇ ಹಿಡಿದು ‘ಇ20ಗೆ ಬಾಕ್ಸ್ ಕಡ್ಡಾಯ’ ಅಂತ ಮಾರುವವರಿದ್ದಾರೆ.

ಆಕ್ಸಿಜನ್ ಸೆನ್ಸರ್ ಇರುವ ಬೈಕ್ ಮಾಮೂಲಿ ಓಡಾಟದಲ್ಲಿ ಇದನ್ನು ತಾನೇ ಸರಿಮಾಡಿಕೊಳ್ಳುತ್ತೆ. ಪೂರ್ತಿ ಥ್ರಾಟಲ್‌ನಲ್ಲಿ ಕಂಪನಿ ಮೊದಲೇ ರಿಚ್ ಇಟ್ಟಿರುವ ಕಾರಣ ಇಲ್ಲೂ ತೀರಾ ಅಪಾಯದ ಮಟ್ಟಕ್ಕೆ ಹೋಗೋದು ಅಪರೂಪ. ಹಳೇ ಬೈಕ್‌ಗೆ ಎಥನಾಲ್‌ನ ತೊಂದರೆ ಬರೋದು ರಬ್ಬರ್ ಪೈಪ್, ಸೀಲ್‌ಗಳಿಗೆ, ಮತ್ತು ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸಿದ ಬೈಕ್‌ನ ಟ್ಯಾಂಕ್‌ನಲ್ಲಿ ಸೇರುವ ತೇವಾಂಶದಿಂದ. ಯಾವ ಪೆಟ್ಟಿಗೆಯೂ ರಬ್ಬರ್ ಬದಲಾಯಿಸಲ್ಲ, ಟ್ಯಾಂಕ್‌ನ ನೀರು ತೆಗೆಯಲ್ಲ.

ಆರ್‌ಟಿಓ, ವಾರಂಟಿ, ಇನ್ಶೂರೆನ್ಸ್

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೂ ಆರ್‌ಸಿಗೂ ತಾಳೆಯಾಗದಂತೆ ವಾಹನ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ(4) ಸೆಕ್ಷನ್‌ನಲ್ಲಿ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಮಾಲೀಕನಿಗೆ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತಿದೆ. ಶಬ್ದ ಮತ್ತು ಹೊಗೆಯ ಮಿತಿ ಮೀರಿದರೆ 190(2) ಬೇರೆ. ಅದರಲ್ಲಿ ಮೊದಲ ಸಲಕ್ಕೆ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳು ಲೈಸೆನ್ಸ್ ಅಮಾನತು.

ಸೀಟಿನ ಕೆಳಗಿನ ಪೆಟ್ಟಿಗೆ ಪೊಲೀಸರ ಕಣ್ಣಿಗೆ ಬೀಳಲ್ಲ ಅನ್ನೋದು ಹುಡುಗರ ಧೈರ್ಯ. ಆದರೆ ಪೆಟ್ಟಿಗೆಯ ಜತೆಗಿರುವ ಸೈಲೆನ್ಸರ್ ಕೂಗಿ ಹೇಳುತ್ತೆ. ರಾಜ್ಯದ ಹಲವು ಕಡೆ ಪೊಲೀಸರು ವಶಪಡಿಸಿಕೊಂಡ ಸೈಲೆನ್ಸರ್‌ಗಳ ಮೇಲೆ ರೋಡ್ ರೋಲರ್ ಹತ್ತಿಸಿದ ಫೋಟೊ ಎಲ್ಲರ ಮೊಬೈಲ್‌ಗೂ ಬಂದಿದೆ. ಎಷ್ಟೋ ಪೆಟ್ಟಿಗೆಗಳ ಕೈಪಿಡಿಯಲ್ಲೇ ‘ರೇಸ್ ಟ್ರ್ಯಾಕ್ ಬಳಕೆಗೆ ಮಾತ್ರ’ ಎಂಬರ್ಥದ ಸಾಲು ಇರುತ್ತೆ. ಎಮಿಷನ್ ಟೆಸ್ಟ್‌ನಲ್ಲಿ ಪಾಸಾದೆ ಅನ್ನೋದೂ ಪೂರ್ತಿ ಸಮಾಧಾನವಲ್ಲ. ಅಲ್ಲಿ ನೋಡೋದು ನಿಂತ ಬೈಕ್‌ನ ಐಡಲ್ ಹೊಗೆಯನ್ನು, ಪೆಟ್ಟಿಗೆ ಪೆಟ್ರೋಲ್ ಸುರಿಯೋದು ಓಡುವಾಗ.

ವಾರಂಟಿ ಇರುವ ಬೈಕ್‌ಗೆ ಪೆಟ್ಟಿಗೆ ಹಾಕಿ ಇಂಜಿನ್ ಅಥವಾ ವೈರಿಂಗ್ ಕೈಕೊಟ್ಟರೆ ಶೋರೂಂನವರು ಕ್ಲೇಮ್ ಒಪ್ಪೋದು ಕಷ್ಟ. ಸರ್ವೀಸ್‌ಗೆ ಬಿಡುವ ಮುಂಚೆ ಪೆಟ್ಟಿಗೆ ಬಿಚ್ಚಿಡುವವರಿದ್ದಾರೆ, ಕವಲು ತೆಗೆದ ವೈರ್ ಮೇಲೆ ಗುರುತು ಉಳಿದೇ ಇರುತ್ತೆ. ಇನ್ಶೂರೆನ್ಸ್ ಇನ್ನೂ ದೊಡ್ಡ ಮಾತು. ತಿಳಿಸದೆ ಮಾಡಿದ ಬದಲಾವಣೆ ಸರ್ವೇಯರ್ ಕಣ್ಣಿಗೆ ಬಿದ್ದರೆ ಸ್ವಂತ ಬೈಕ್‌ನ ಡ್ಯಾಮೇಜ್ ಕ್ಲೇಮ್ ಕಡಿತವಾಗಬಹುದು, ತಿರಸ್ಕಾರವೂ ಆಗಬಹುದು. ಎರಡು ಮೂರು ಲಕ್ಷದ ಬೈಕ್ ಸಾಲದಲ್ಲಿದ್ದಾಗ ಅಪಘಾತವಾಗಿ ಕ್ಲೇಮ್ ಬರದಿದ್ದರೆ ಕಂತು ಕಟ್ಟುತ್ತಾ ಕೂರೋದು ಮನೆಯವರು. ಹಾಕಿಸಲೇಬೇಕು ಅಂದರೆ ವಿಮಾ ಕಂಪನಿಗೆ ಮೊದಲೇ ಬರಹದಲ್ಲಿ ತಿಳಿಸಿ ಅವರ ಉತ್ತರ ಇಟ್ಟುಕೊಳ್ಳಬೇಕು. ಗ್ಯಾರೇಜ್‌ನವರೂ ಬಿಲ್‌ನಲ್ಲಿ ಪೆಟ್ಟಿಗೆಯ ಹೆಸರು, ಯಾವ ವೈರ್ ಮುಟ್ಟಿದ್ದು, ಯಾವ ಮ್ಯಾಪ್ ಹಾಕಿದ್ದು ಅಂತ ಬರೆದು ಗಿರಾಕಿಯ ಸಹಿ ಪಡೆದರೆ ನಾಳೆ ಮಾತು ಬರಲ್ಲ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ

ಇಂಥ ಬೈಕ್‌ಗಳು ಎರಡು ಮೂರು ವರ್ಷದಲ್ಲಿ ಕೈ ಬದಲಾಗುತ್ತವೆ. ಕೊಳ್ಳುವ ಮುಂಚೆ ಸೀಟು ತೆಗೆಸಿ ನೋಡಿ. ಹೊಸ ಟೇಪ್, ಹೊಂದದ ಬಣ್ಣದ ವೈರ್, ವೈರ್ ಮೇಲೆ ಕಚ್ಚಿಕೊಂಡ ಪುಟ್ಟ ಪ್ಲಾಸ್ಟಿಕ್ ಕ್ಲಿಪ್ ಕಂಡರೆ ಪೆಟ್ಟಿಗೆ ಇದೆ ಅಥವಾ ಇತ್ತು ಅಂತ ಅರ್ಥ. ಕೀ ಆನ್ ಮಾಡಿದಾಗ ಹಳದಿ ಇಂಜಿನ್ ಲೈಟ್ ಹತ್ತಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಹತ್ತಲೇ ಇಲ್ಲ ಅಂದರೆ ಯಾರೋ ಅದನ್ನು ಹತ್ತದಂತೆ ಮಾಡಿರುವ ಸಾಧ್ಯತೆ ಇದೆ. ಸೈಲೆನ್ಸರ್ ಪೈಪ್‌ನಲ್ಲಿ ಆಕ್ಸಿಜನ್ ಸೆನ್ಸರ್ ಇರಬೇಕಾದ ಜಾಗದಲ್ಲಿ ಬೋಲ್ಟ್ ಇದೆಯಾ ಅಂತಲೂ ನೋಡಿ.

ಮಾರುವವರು ಪೆಟ್ಟಿಗೆಯನ್ನು ಬಿಚ್ಚಿ ಬೇರೆಯಾಗಿ ಮಾರಿಕೊಂಡು, ಸದ್ದಿನ ಸೈಲೆನ್ಸರ್ ಮಾತ್ರ ಬೈಕ್‌ನಲ್ಲಿ ಬಿಡೋದು ಮಾಮೂಲಿ. ಆ ಬೈಕ್ ಅಂದಿನಿಂದ ಲೀನ್ ಓಡುತ್ತಿರುತ್ತೆ. ಕಂಪನಿ ಸೈಲೆನ್ಸರ್ ಎಲ್ಲಿದೆ ಅಂತ ಕೇಳಿ, ಅದನ್ನು ಕೈಗೆ ಪಡೆದು, ಆಮೇಲೆ ಬೆಲೆ ಮಾತಾಡಿ.